ಜಲಮಾಹಿತಿಯ ದಾಸೋಹ: ಹುಬ್ಬಳ್ಳಿ-ಧಾರವಾಡದ ನಿದರ್ಶನದೊಡನೆ ಒಂದು ವಿವೇಚನೆ

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆಯನ್ನು ಕಟ್ಟಿಸಿ, ಲೋಕೋಪಕಾರವನ್ನೇ ಶಿವಯೋಗವೆಂದು ಬಾಳಿ ತೋರಿದರು. ಕೆರೆಯನ್ನು ತೋಡುವುದು, ಏರಿಯನ್ನು ಬಲಪಡಿಸುವುದು, ತೂಬನ್ನು ದುರಸ್ತಿಗೊಳಿಸುವುದು ಈ ನಾಡಿನಲ್ಲಿ ಪುಣ್ಯಕಾರ್ಯಗಳೆಂದು ಎಣಿಕೆಗೊಂಡಿದ್ದವು. ಅವುಗಳಿಗಾಗಿ ಬಿಟ್ಟ ದತ್ತಿಯ ವಿವರವನ್ನು ಕಲ್ಲಿನಲ್ಲಿ ಕೊರೆಯಿಸಿ ನಾಲ್ವರು ಓಡಾಡುವ ಸ್ಥಳದಲ್ಲಿ ನಿಲ್ಲಿಸುವುದು ವಾಡಿಕೆಯಾಗಿತ್ತು. ನೀರಿಗೆ ಸಂಬಂಧಿಸಿದ ಲೆಕ್ಕವು ಗುಟ್ಟಾಗಿರತಕ್ಕದ್ದಲ್ಲ, ಅದು ಊರಿನ ಕಣ್ಣೆದುರಿಗೆ ಊರಿನ ನುಡಿಯಲ್ಲಿಯೇ ಇರಬೇಕೆಂಬ ವಿವೇಕ ಆ ಶಾಸನಗಳ ಹಿಂದೆ ಇದ್ದಿತೆಂದು ಧಾರಾಳವಾಗಿ ಹೇಳಬಹುದು.

ಇಂದು ನೀರಿನ ಲೆಕ್ಕಕ್ಕೆ ಕೊರತೆಯಿಲ್ಲ. ಮಳೆಯ ಪ್ರಮಾಣ, ಜಲಾಶಯದ ಮಟ್ಟ, ಅಂತರ್ಜಲದ ಆಳ, ನಳದ ನೀರಿನ ಗುಣ, ಇವೆಲ್ಲವನ್ನೂ ಒಂದಿಲ್ಲೊಂದು ಇಲಾಖೆ ಅಳೆದು ದಾಖಲಿಸುತ್ತಿದೆ. ಕೇಂದ್ರ ಅಂತರ್ಜಲ ಮಂಡಳಿಯು ತನ್ನ ವೀಕ್ಷಣಾ ಬಾವಿಗಳ ಮಟ್ಟವನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುವ ಪದ್ಧತಿಯನ್ನಿಟ್ಟುಕೊಂಡಿದೆ. ದೇಶದ ಜಲಮಾಹಿತಿಯನ್ನು ಒಂದೆಡೆ ಕ್ರೋಡೀಕರಿಸಲು ೨೦೧೮ರಲ್ಲಿ ರಾಷ್ಟ್ರೀಯ ಜಲ ಮಾಹಿತಿ ಕೇಂದ್ರವು ಸ್ಥಾಪನೆಗೊಂಡಿತು. ಆದರೂ ಓಣಿಯ ತಾಯಿಯೊಬ್ಬಳು 'ಈ ನೀರನ್ನು ಮಗುವಿಗೆ ಕುಡಿಸಬಹುದೆ?' ಎಂದು ಕೇಳಿದರೆ ಆ ಅಂಕಿ-ಅಂಶಗಳ ರಾಶಿಯಲ್ಲಿ ಉತ್ತರ ಸುಲಭವಾಗಿ ದೊರೆಯದು. ಮಾಹಿತಿ ಇದೆ, ಅದರ ವಿತರಣೆ ಇಲ್ಲ. ಈ ಅಂತರವನ್ನು ತುಂಬಬಲ್ಲ ಸಾಧನವೆಂದರೆ ಜನಸುಲಭವಾದ ಜಾಲತಾಣ ಅಥವಾ ಮೊಬೈಲ್ ಆ್ಯಪ್. ಅದನ್ನು ರೂಪಿಸುವಾಗ ಗಮನಿಸಬೇಕಾದ ತತ್ವಗಳನ್ನು ಹುಬ್ಬಳ್ಳಿ-ಧಾರವಾಡದ ಅನುಭವದ ಬೆಳಕಿನಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಅವಳಿ ನಗರದ ನೀರು

೧೯೬೨ರಲ್ಲಿ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಒಳಪಟ್ಟ ಹುಬ್ಬಳ್ಳಿ ಮತ್ತು ಧಾರವಾಡಗಳು ಮಲೆನಾಡು-ಬಯಲುಸೀಮೆಗಳ ಸಂಧಿಸ್ಥಾನದಲ್ಲಿವೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯು ಪಶ್ಚಿಮಾಭಿಮುಖವಾಗಿ ಹರಿದು ಅರಬ್ಬೀ ಸಮುದ್ರದ ದಾರಿ ಹಿಡಿದರೆ, ಪೂರ್ವದ ಬೆಣ್ಣಿಹಳ್ಳವು ಮಲಪ್ರಭೆಯನ್ನು ಕೂಡಿ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಹೀಗೆ ನೀರು ಎರಡು ದಿಕ್ಕಿಗೆ ಇಳಿದುಹೋಗುವ ದಿಬ್ಬದ ಮೇಲೆ ನಿಂತ ನಗರಕ್ಕೆ ತನ್ನದೆನ್ನುವ ದೊಡ್ಡ ನದಿಯಿಲ್ಲ. ಉಣಕಲ್ಲು, ಕೆಲಗೇರಿ ಮುಂತಾದ ಕೆರೆಗಳಾದ ಮೇಲೆ ಕಲಘಟಗಿ ತಾಲೂಕಿನ ನೀರಸಾಗರ, ಬಳಿಕ ಸವದತ್ತಿ ಬಳಿಯ ನವಿಲುತೀರ್ಥದ ರೇಣುಕಾಸಾಗರ, ಹೀಗೆ ಊರು ಬೆಳೆದಂತೆಲ್ಲ ನೀರಿನ ಮೂಲವು ದೂರ ಸರಿಯಿತು. ಮೂಲ ದೂರವಾದಂತೆ ಅದರ ಪರಿಚಯವೂ ದೂರವಾಯಿತು. ಊರ ಕೆರೆಯಲ್ಲಿ ನೀರೆಷ್ಟಿದೆಯೆಂಬುದನ್ನು ಏರಿಯ ಮೇಲೆ ನಿಂತವರೆಲ್ಲ ಕಾಣುತ್ತಿದ್ದರು. ಹತ್ತಾರು ಮೈಲು ದೂರದ ಜಲಾಶಯವನ್ನು ನಗರದ ಮನೆಯವರು ಕಾಣಲಾರರು. ಕಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ಮಾಹಿತಿಯೇ ಮಾಡಬೇಕಾಗಿದೆ.

ಸಂಶೋಧನೆಯೊಂದು ಹೊರಗೆಡಹಿದ ಸತ್ಯ

ಹಲವು ದಿನಗಳಿಗೊಮ್ಮೆ ಕೆಲವೇ ತಾಸು ನಳಕ್ಕೆ ನೀರು ಬರುವ ವ್ಯವಸ್ಥೆಗೆ ಈ ನಗರದವರು ದಶಕಗಳ ಕಾಲ ಹೊಂದಿಕೊಂಡಿದ್ದರು. ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ ೨೦೦೮ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ ದಿನದ ಇಪ್ಪತ್ನಾಲ್ಕು ತಾಸೂ ನೀರು ಕೊಡುವ ಪ್ರಾತ್ಯಕ್ಷಿಕೆ ಆರಂಭವಾಯಿತು. ಒಂದೇ ಊರಿನಲ್ಲಿ ಎರಡು ಬಗೆಯ ಪೂರೈಕೆ ಅಕ್ಕಪಕ್ಕದಲ್ಲಿಯೇ ಇದ್ದುದರಿಂದ ಅದು ವಿಜ್ಞಾನಿಗಳಿಗೆ ಅಪರೂಪದ ಅವಕಾಶವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಅವರು ಒಂದು ವರ್ಷದ ಮಾದರಿಗಳನ್ನು ಪರೀಕ್ಷಿಸಿ ೨೦೧೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಿರಂತರ ಪೂರೈಕೆಯ ನಳಗಳ ಮಾದರಿಗಳಲ್ಲಿ ಶೇಕಡಾ ೦.೭ರಲ್ಲಿ ಮಾತ್ರ ಇ. ಕೋಲೈ ಸೂಕ್ಷ್ಮಜೀವಿ ಕಂಡುಬಂದಿತು. ಬಿಟ್ಟುಬಿಟ್ಟು ಬರುವ ನಳಗಳ ಮಾದರಿಗಳಲ್ಲಿ ಈ ಪ್ರಮಾಣ ಶೇಕಡಾ ೩೧.೭ ಆಗಿತ್ತು. ಇ. ಕೋಲೈ ಇರುವಿಕೆಯು ಮಲದ ಕಲ್ಮಶ ನೀರಿಗೆ ಸೇರಿದೆಯೆಂಬುದರ ಸೂಚನೆ.

ಇದರ ಕಾರಣ ಅರಿಯಲು ಕಷ್ಟವಾದುದಲ್ಲ. ಪೈಪಿನಲ್ಲಿ ನೀರು ಸದಾ ಒತ್ತಡದಿಂದ ತುಂಬಿದ್ದರೆ, ಬಿರುಕಿನಲ್ಲಿ ನೀರು ಹೊರಗೆ ಸೋರೀತೇ ವಿನಾ ಹೊರಗಿನ ಹೊಲಸು ಒಳಗೆ ಬರಲಾರದು. ಪೂರೈಕೆ ನಿಂತು ಪೈಪು ಬರಿದಾದಾಗ ಒತ್ತಡ ಕುಸಿದು, ಸುತ್ತಲಿನ ತೇವ ಮತ್ತು ಗಟಾರದ ನೀರು ಒಳನುಗ್ಗಲು ಎಡೆಯಾಗುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವ ರಾಡಿಯಲ್ಲಿ ಆ ಕಲ್ಮಶವೇ ಹೆಚ್ಚಾಗಿರುತ್ತದೆ. 'ಮೊದಲ ನೀರನ್ನು ಹಿಡಿಯಬಾರದು, ತಿಳಿಯಾದ ಮೇಲೆ ಕುಡಿಯಲಿಕ್ಕೆ ತುಂಬಬೇಕು' ಎಂಬ ಮನೆಯ ಹಿರಿಯರ ಮಾತು ಅನುಭವದಿಂದ ಬಂದುದು. ವಿಜ್ಞಾನವು ಅದನ್ನು ಸಮರ್ಥಿಸಿತು.

ಇಲ್ಲಿ ವಿಚಾರಿಸಬೇಕಾದ ಸಂಗತಿ ಮತ್ತೊಂದಿದೆ. ಮಾದರಿಗಳು ಸಂಗ್ರಹವಾದುದು ಇದೇ ಊರಿನ ಓಣಿಗಳಲ್ಲಿ. ಫಲಿತಾಂಶವು ಅಚ್ಚಾದುದು ಇಂಗ್ಲಿಷಿನ ಸಂಶೋಧನ ಪತ್ರಿಕೆಯಲ್ಲಿ. ಸಂಶೋಧಕರ ಕರ್ತವ್ಯ ಅಲ್ಲಿಗೆ ಸಂದಿತು. ಆದರೆ ಆ ಜ್ಞಾನವು ಕೊಡ ಹಿಡಿದು ನಿಂತವರ ಬಳಿಗೆ ಮರಳಿ ಬರಲು ಬೇರೊಂದು ಸೇತುವೆ ಬೇಕು. ಆ ಸೇತುವೆಯ ನಿರ್ಮಾಣವೇ ಮಾಹಿತಿ-ವಿನ್ಯಾಸ.

ವಾಲ್ವ್‌ಮನ್ ಮತ್ತು ಕಿರುಸಂದೇಶ

ಇಂಥ ಸೇತುವೆಯೊಂದನ್ನು ಕಟ್ಟುವ ಮೊದಲ ಯತ್ನಗಳಲ್ಲೊಂದು ಈ ಅವಳಿ ನಗರದಲ್ಲಿಯೇ ನಡೆಯಿತೆಂಬುದು ಅಭಿಮಾನದ ವಿಷಯ. ೨೦೧೧ರ ಸುಮಾರಿಗೆ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಇಲ್ಲಿ ಒಂದು ಸರಳ ಸೇವೆಯನ್ನು ಆರಂಭಿಸಿತು. ಓಣಿಗೆ ನೀರು ಬಿಡುವ ವಾಲ್ವ್‌ಮನ್ ತನ್ನ ಮೊಬೈಲಿನಿಂದ ಸುದ್ದಿ ತಿಳಿಸಬೇಕು. ಆ ಭಾಗದ ಮನೆಗಳಿಗೆ ನೀರು ಬರುವ ಕಿರುಸಂದೇಶ ಹೋಗಬೇಕು. ದೊಡ್ಡ ಯಂತ್ರಗಳಿಲ್ಲ, ದುಬಾರಿ ಮಾಪಕಗಳಿಲ್ಲ. ನೀರಿನ ಬಗ್ಗೆ ಅತ್ಯಂತ ಖಚಿತವಾಗಿ ಬಲ್ಲವನು ಅದನ್ನು ಬಿಡುವ ಮನುಷ್ಯನೇ ಎಂಬ ಸಾಮಾನ್ಯಜ್ಞಾನವೇ ಅದರ ತಳಹದಿ.

ಮುಂದೆ ಈ ಸೇವೆಯು ಬೆಂಗಳೂರಿಗೆ ವಿಸ್ತರಿಸಿದಾಗ ತನು ಕುಮಾರ್, ಆಲಿಸನ್ ಪೋಸ್ಟ್ ಮತ್ತು ಇಶಾ ರೇ ಎಂಬ ಸಂಶೋಧಕರು ಅದರ ಪರಿಣಾಮವನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರು. ೨೦೧೮ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಸೇವೆಯಿಂದ ಮನೆಗಳ ಸ್ಥಿತಿಯಲ್ಲಿ ನಿರೀಕ್ಷಿಸಿದಷ್ಟು ಬದಲಾವಣೆ ಆಗಲಿಲ್ಲ. ಮಾಹಿತಿಯ ಹರಿವು ನಡುವೆಯೇ ಕಡಿದುಹೋಗುತ್ತಿದ್ದುದು ಅದಕ್ಕೆ ಮುಖ್ಯ ಕಾರಣವಾಗಿತ್ತು. ವಾಲ್ವ್‌ಮನ್‌ಗಳು ಪ್ರತಿ ಬಾರಿಯೂ ವರದಿ ಮಾಡುತ್ತಿರಲಿಲ್ಲ.

ಇದರಲ್ಲಿ ವಾಲ್ವ್‌ಮನ್‌ನನ್ನು ದೂಷಿಸುವುದು ನ್ಯಾಯವಲ್ಲ. ಬೆಳಗಿನ ಜಾವದಿಂದ ಓಣಿ ಓಣಿ ಸುತ್ತಿ ವಾಲ್ವ್ ತಿರುಗಿಸುವವನಿಗೆ ವರದಿಯು ಹೆಚ್ಚಿನ ಹೊರೆ. ನೀರು ತಡವಾದರೆ ಜನರ ಸಿಟ್ಟನ್ನು ಮೊದಲು ಉಣ್ಣುವವನೂ ಅವನೇ. ಅವನ ಕಾಯಕಕ್ಕೆ ಗೌರವವನ್ನೂ ವರದಿಗೆ ಪ್ರತಿಫಲವನ್ನೂ ಒದಗಿಸದೆ, ಒಂದೇ ಗುಂಡಿ ಒತ್ತಿದರೆ ಕೆಲಸವಾಗುವಂಥ ಸೌಲಭ್ಯವನ್ನೂ ಕೊಡದೆ, ಅವನಿಂದ ನಿಖರ ಮಾಹಿತಿಯನ್ನು ಬಯಸುವ ಯೋಜನೆ ನಿಲ್ಲಲಾರದು. ಜಾಲತಾಣದ ಬಳಕೆದಾರನೆಂದರೆ ಓದುವವನಷ್ಟೇ ಎಂದು ಭಾವಿಸುವುದು ವಿನ್ಯಾಸಕಾರರ ದೊಡ್ಡ ತಪ್ಪು. ಅಂಕಿಯನ್ನು ತುಂಬುವವನೂ ಬಳಕೆದಾರನೇ.

ಪ್ರಶ್ನೆಯಿಂದ ಆರಂಭ

ಅನೇಕ ಸರ್ಕಾರಿ ತಾಣಗಳು ಇಲಾಖೆಯ ವಿಂಗಡಣೆಯಂತೆ ರಚಿತವಾಗಿರುತ್ತವೆ: ಮೇಲ್ಮೈ ಜಲ, ಅಂತರ್ಜಲ, ಗುಣಮಟ್ಟ, ಮಳೆ. ಕಚೇರಿಗೆ ಇದು ಅನುಕೂಲ. ಜನರ ಪ್ರಶ್ನೆಗಳು ಬೇರೆ ಬಗೆಯವು: ನಮ್ಮ ಓಣಿಗೆ ನೀರು ಯಾವಾಗ? ಕುಡಿಯಲು ಯೋಗ್ಯವೆ? ಬೋರ್‌ವೆಲ್ಲಿನ ನೀರನ್ನು ಏತಕ್ಕೆ ಬಳಸಬಹುದು? ಈ ಬೇಸಿಗೆ ಹೇಗೆ ಕಳೆದೀತು? ಉತ್ತಮ ತಾಣದ ಮೊದಲ ಪುಟದಲ್ಲಿ ಈ ನಾಲ್ಕು ಪ್ರಶ್ನೆಗಳೇ ಇರಬೇಕು.

ಉತ್ತರವನ್ನು ಮೂರು ಮೆಟ್ಟಿಲಲ್ಲಿ ಜೋಡಿಸುವುದು ಹಿತಕರ. ಮೊದಲ ಮೆಟ್ಟಿಲಲ್ಲಿ ಒಂದು ವಾಕ್ಯದ ಉತ್ತರ ಮತ್ತು ಮಾಡಬೇಕಾದ ಕೆಲಸ. ಎರಡನೆಯದರಲ್ಲಿ ಕಳೆದ ಕೆಲವು ತಿಂಗಳ ಏರಿಳಿತವನ್ನು ತೋರಿಸುವ ರೇಖಾಚಿತ್ರ. ಮೂರನೆಯದರಲ್ಲಿ ಮೂಲ ಕೋಷ್ಟಕ, ಅಳತೆಯ ವಿಧಾನ, ಮಾದರಿ ತೆಗೆದ ಸ್ಥಳ ಮತ್ತು ಸಮಯ. ಗೃಹಿಣಿ ಮೊದಲ ಮೆಟ್ಟಿಲಲ್ಲಿಯೇ ತೃಪ್ತಳಾಗಿ ಮರಳಬಹುದು. ಎಂಜಿನಿಯರನೂ ವಿದ್ಯಾರ್ಥಿಯೂ ಮೂರನೆಯದಕ್ಕೆ ಏರಬಹುದು. ಎಲ್ಲರಿಗೂ ಎಲ್ಲವನ್ನೂ ಒಮ್ಮೆಗೇ ಬಡಿಸುವುದು ಉಪಚಾರವಾಗದು.

ಸ್ಥಳವನ್ನು ಗುರುತಿಸುವ ಬಗೆಯೂ ಜನರ ರೂಢಿಗೆ ಒಪ್ಪಬೇಕು. ಅಕ್ಷಾಂಶ-ರೇಖಾಂಶಗಳು ಯಂತ್ರಕ್ಕೆ ಸಾಕು. ಮನುಷ್ಯನಿಗೆ ಓಣಿಯ ಹೆಸರು, ಗುಡಿ, ಶಾಲೆ, ಸರ್ಕಲ್ ಮುಂತಾದ ಗುರುತುಗಳೇ ಬೇಕು. ಒಂದೇ ವಾರ್ಡಿನಲ್ಲಿ ಎರಡು ವಾಲ್ವುಗಳ ಸರದಿ ಬೇರೆ ಬೇರೆಯಾಗಿರಬಹುದು. ಆದುದರಿಂದ ವಾರ್ಡಿನ ಗಡಿಗಿಂತ ವಾಲ್ವಿನ ವ್ಯಾಪ್ತಿಯನ್ನು ಅನುಸರಿಸುವುದೇ ಸರಿ.

ಒಂದೇ ಕೆಂಪು ಗುರುತಿನ ಅಪಾಯ

ಸರಳತೆಯ ಹೆಸರಿನಲ್ಲಿ ಸುಳ್ಳಾಗಬಾರದು. ಯೋಗ್ಯ ನೀರಿಗೆ ಹಸಿರು, ಅಯೋಗ್ಯಕ್ಕೆ ಕೆಂಪು ಎಂಬಷ್ಟಕ್ಕೇ ನಿಂತರೆ ಅನಾಹುತವಾದೀತು. ಭಾರತೀಯ ಮಾನಕ ಬ್ಯೂರೋ ೨೦೧೨ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕವು (ಐ.ಎಸ್. ೧೦೫೦೦) ಹಲವು ಮಿತಿಗಳನ್ನು ವಿಧಿಸಿದೆ. ೧೦೦ ಮಿಲಿಲೀಟರ್ ಮಾದರಿಯಲ್ಲಿ ಇ. ಕೋಲೈ ಕಾಣಬಾರದು. ನೈಟ್ರೇಟು ಲೀಟರಿಗೆ ೪೫ ಮಿಲಿಗ್ರಾಂ ಮೀರಬಾರದು. ಫ್ಲೋರೈಡು ೧ ಮಿಲಿಗ್ರಾಂ ಒಳಗಿರಬೇಕು; ಬೇರೆ ಮೂಲವಿಲ್ಲದಾಗ ೧.೫ರವರೆಗೆ ಸಹ್ಯ. ಕರಗಿದ ಲವಣಾಂಶ ೫೦೦ ಮಿಲಿಗ್ರಾಂ ಒಳಗಿರಬೇಕು; ಅನ್ಯಮಾರ್ಗವಿಲ್ಲದಾಗ ೨೦೦೦ದವರೆಗೆ ಅನುಮತಿಯುಂಟು.

ಇವುಗಳಲ್ಲಿ ಯಾವುದು ಮಿತಿ ಮೀರಿದರೂ ತಾಣವು ಒಂದೇ ಕೆಂಪು ಗುರುತನ್ನು ತೋರಿಸಿತೆನ್ನೋಣ. ಅದನ್ನು ಕಂಡ ತಾಯಿ ಏನು ಮಾಡುವಳು? ನೀರನ್ನು ಕುದಿಸುವಳು. ದೋಷವು ಇ. ಕೋಲೈ ಆಗಿದ್ದರೆ ಅವಳು ಮಾಡಿದ್ದು ಸರಿ, ಕುದಿತಕ್ಕೆ ಸೂಕ್ಷ್ಮಜೀವಿಗಳು ಸಾಯುತ್ತವೆ. ದೋಷವು ಫ್ಲೋರೈಡೋ ನೈಟ್ರೇಟೋ ಆಗಿದ್ದರೆ ಕುದಿಸುವುದು ವ್ಯರ್ಥ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಹೆಚ್ಚುತ್ತದೆ. ನೆರೆಯ ಗದಗ ಜಿಲ್ಲೆಯ ಮುಂಡರಗಿ ಸೀಮೆಯಲ್ಲಿ ಫ್ಲೋರೈಡಿನ ಬಾಧೆ ಎಲ್ಲರೂ ಬಲ್ಲ ಸಂಗತಿ. ಬೆಳೆಯುವ ಮಕ್ಕಳ ಹಲ್ಲು, ಎಲುಬುಗಳಿಗೆ ಅದು ತಗಲುತ್ತದೆ. ಹೆಚ್ಚು ನೈಟ್ರೇಟಿನ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಸುಗೂಸಿನ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿ ಕುಂದುತ್ತದೆ. ಮಾಹಿತಿಯನ್ನು ನಂಬಿ, ಪ್ರೀತಿಯಿಂದ ಕುದಿಸಿ ಕೊಟ್ಟ ನೀರೇ ಕೇಡಾದರೆ ಆ ಹೊಣೆ ವಿನ್ಯಾಸಕಾರನದು.

ಆದಕಾರಣ ಗುರುತಿನ ಜೊತೆಗೆ ಕ್ರಿಯೆಯನ್ನು ಹೇಳಬೇಕು: 'ಕುದಿಸಿ ಕುಡಿಯಿರಿ', 'ಕುದಿಸಿದರೂ ಪ್ರಯೋಜನವಿಲ್ಲ, ಕುಡಿಯಲು ಬೇರೆ ನೀರು ತನ್ನಿರಿ, ತೊಳೆಯಲು ಬಳಸಬಹುದು', 'ರುಚಿ ಸವಳು, ಬೇರೆ ನೀರಿಲ್ಲದಾಗ ಬಳಸಬಹುದು'. ಕೆಂಪು-ಹಸಿರುಗಳ ಭೇದ ಕಾಣದ ಕಣ್ಣುಗಳೂ ಉಂಟಾಗಿ, ಬಣ್ಣದೊಡನೆ ಚಿತ್ರವೂ ಶಬ್ದವೂ ಇರುವುದು ಅವಶ್ಯ.

ಗೊತ್ತಿಲ್ಲವೆನ್ನುವ ಪ್ರಾಮಾಣಿಕತೆ

ಪರೀಕ್ಷೆಯಾಗದ ನೀರು ಶುದ್ಧವೆಂದಲ್ಲ. ನಕಾಶೆಯಲ್ಲಿ ಮಾಹಿತಿಯಿಲ್ಲದ ಓಣಿಗಳನ್ನು ಬಿಳಿಯಾಗಿ ಬಿಟ್ಟರೂ ನೋಡಿದವರು ದೋಷವಿಲ್ಲವೆಂದೇ ತಿಳಿಯುವರು. ಅಂಥ ಸ್ಥಳದಲ್ಲಿ 'ಪರೀಕ್ಷೆ ಆಗಿಲ್ಲ' ಎಂದು ಸ್ಪಷ್ಟವಾಗಿ ಬರೆಯಬೇಕು. ಪ್ರತಿ ಅಂಕಿಯ ಕೆಳಗೆ ಅಳತೆಯ ದಿನಾಂಕವಿರಬೇಕು. ಹಳೆಯದಾದ ಫಲಿತಾಂಶ ತಾನಾಗಿಯೇ ಮಸುಕಾಗಬೇಕು.

ಇಲ್ಲಿ ಒಂದು ವೈಜ್ಞಾನಿಕ ತೊಡಕೂ ಉಂಟು. ಇ. ಕೋಲೈ ಪರೀಕ್ಷೆಯಲ್ಲಿ ಜೀವಿಗಳನ್ನು ಬೆಳೆಸಿ ನೋಡಬೇಕಾದುದರಿಂದ ಸುಮಾರು ಒಂದು ದಿನ ಹಿಡಿಯುತ್ತದೆ. ಫಲಿತಾಂಶ ಬರುವ ಹೊತ್ತಿಗೆ ಆ ನೀರು ಖರ್ಚಾಗಿರುತ್ತದೆ. ಆದ್ದರಿಂದ 'ಇಂದಿನ ನೀರು ಶುದ್ಧ' ಎಂಬ ಭರವಸೆಯನ್ನು ಆ ಪರೀಕ್ಷೆಯ ಬಲದಿಂದ ಯಾರೂ ಕೊಡಲಾರರು. ತತ್‌ಕ್ಷಣ ಅಳೆಯಬಹುದಾದುದು ಉಳಿಕೆ ಕ್ಲೋರಿನ್. ಬಳಕೆದಾರರ ನಳದಲ್ಲಿ ಅದು ಲೀಟರಿಗೆ ಕನಿಷ್ಠ ೦.೨ ಮಿಲಿಗ್ರಾಂ ಇರಬೇಕೆಂದು ಮಾನಕ ಹೇಳುತ್ತದೆ. ಅದು ತೀರ ಇಳಿದಿದ್ದರೆ ಎಚ್ಚರಿಕೆಯ ಗಂಟೆಯೆಂದು ಭಾವಿಸಬೇಕು.

ಸರಾಸರಿಯ ಮೋಸವನ್ನೂ ತಿಳಿದಿರಬೇಕು. ತಿಂಗಳಲ್ಲಿ ಹತ್ತು ಮಾದರಿಗಳ ಪೈಕಿ ಒಂಬತ್ತು ಶುದ್ಧವಾಗಿ ಒಂದು ತೀವ್ರವಾಗಿ ಕೆಟ್ಟಿದ್ದರೆ, ಸರಾಸರಿಯು ಆ ಒಂದು ದಿನವನ್ನು ಮುಚ್ಚಿಡುತ್ತದೆ. ರೋಗ ತರುವುದು ಸರಾಸರಿ ನೀರಲ್ಲ, ಆ ದಿನದ ನೀರು. 'ಹತ್ತರಲ್ಲಿ ಒಂದು ಕೆಟ್ಟಿತ್ತು' ಎಂಬ ಮಾತೇ ನೇರ. ಪ್ರತಿಕೂಲ ಫಲಿತಾಂಶವನ್ನು ಮುಚ್ಚಿಟ್ಟ ಸಂಸ್ಥೆಯು ಒಂದು ದಿನದ ನಿಂದೆಯಿಂದ ಪಾರಾಗಬಹುದು. ಆದರೆ ಬಹುದಿನದ ನಂಬಿಕೆಯನ್ನು ಕಳೆದುಕೊಳ್ಳುತ್ತದೆ.

ಅಂಕಿಗೆ ಅರ್ಥ

ರೇಣುಕಾಸಾಗರದ ಪೂರ್ಣ ಮಟ್ಟ ೨೦೭೯.೫೦ ಅಡಿ, ಸಾಮರ್ಥ್ಯ ೩೭.೭೩ ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು ೨,೮೩೧ ಕೋಟಿ ಲೀಟರ್. ದಿನಪತ್ರಿಕೆಯಲ್ಲಿ ಮಟ್ಟವನ್ನು ಅಡಿಗಳಲ್ಲಿ ಓದುವವರಿಗೆ ಅದು ಸಮುದ್ರಮಟ್ಟದಿಂದ ಎಣಿಸಿದ ಎತ್ತರ, ನೀರಿನ ಆಳವಲ್ಲ ಎಂಬುದು ತಿಳಿದಿರದು. ಜಲಾಶಯವು ಬಟ್ಟಲಿನ ಆಕಾರದ್ದಾಗಿ, ಮೇಲಿನ ಒಂದು ಅಡಿಯಲ್ಲಿರುವ ನೀರು ತಳದ ಒಂದು ಅಡಿಗಿಂತ ಬಹಳ ಹೆಚ್ಚು. ಆದುದರಿಂದ ಎತ್ತರಕ್ಕಿಂತ ಸಂಗ್ರಹದ ಪ್ರಮಾಣವನ್ನೂ ಕಳೆದ ವರ್ಷ ಇದೇ ದಿನ ಎಷ್ಟಿತ್ತೆಂಬುದನ್ನೂ ತೋರಿಸುವುದು ಉಪಯುಕ್ತ. ಸಂಗ್ರಹದ ಬಹುಭಾಗ ನೀರಾವರಿಯದೆಂಬುದನ್ನೂ ತಿಳಿಸದಿದ್ದರೆ ನಗರದವರಲ್ಲಿ ಹುಸಿ ನೆಮ್ಮದಿ ಮೂಡೀತು.

ಭಾಷೆ ಮತ್ತು ಸಾಧನ

ತಾಣವು ಮೊದಲು ಕನ್ನಡದಲ್ಲಿ ಚಿಂತಿಸಿ ಬರೆದುದಾಗಿರಬೇಕು; ಇಂಗ್ಲಿಷಿನಿಂದ ಯಂತ್ರವು ತಿರುಗಿಸಿದ ಕನ್ನಡ ಯಾರಿಗೂ ಬೇಡ. ಹುಬ್ಬಳ್ಳಿಯಂಥ ಊರಿನಲ್ಲಿ ಉರ್ದು, ಮರಾಠಿ, ಹಿಂದಿ ನುಡಿಯುವ ಮನೆಗಳಿಗೂ ಎಡೆಯಿರಬೇಕು. ಓದು ಬಾರದವರಿಗೆ ಧ್ವನಿಯ ಉತ್ತರ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 'ವರುಣಮಿತ್ರ' ಎಂಬ ದೂರವಾಣಿ ಸಹಾಯವಾಣಿಯಿಂದ ರೈತರಿಗೆ ಹವಾಮಾನದ ವಿವರವನ್ನು ಮಾತಿನಲ್ಲಿಯೇ ತಿಳಿಸುವ ಮಾರ್ಗವನ್ನು ತೋರಿಸಿಕೊಟ್ಟಿತು.

ಮನೆಯ ಒಂದೇ ಮೊಬೈಲು ಯಜಮಾನನ ಕಿಸೆಯಲ್ಲಿ ಕೆಲಸಕ್ಕೆ ಹೋದರೆ ಸಂದೇಶವು ಅಂಗಡಿಗೋ ಕಾರ್ಖಾನೆಗೋ ಮುಟ್ಟುತ್ತದೆ, ನೀರು ಹಿಡಿಯುವವಳಿಗೆ ಮುಟ್ಟುವುದಿಲ್ಲ. ಆದ್ದರಿಂದ ಒಂದು ಮನೆಗೆ ಎರಡು-ಮೂರು ಸಂಖ್ಯೆಗಳನ್ನು ನಮೂದಿಸುವ ಅನುಕೂಲ, ಅಂಗನವಾಡಿ, ರೇಷನ್ ಅಂಗಡಿ, ಶಾಲೆಗಳ ಗೋಡೆಯ ಮೇಲೆ ವಾರಕ್ಕೊಮ್ಮೆ ಅಂಟಿಸಬಹುದಾದ ಒಂದು ಪುಟದ ಮುದ್ರಿತ ಪ್ರತಿ, ಇವೂ ವಿನ್ಯಾಸದ ಅಂಗಗಳೇ. ಅಗ್ಗದ ಮೊಬೈಲಿನಲ್ಲಿ, ಮಂದ ಸಂಪರ್ಕದಲ್ಲಿ ತೆರೆಯದ ಸುಂದರ ಪುಟಕ್ಕಿಂತ ತೆರೆಯುವ ಸಾದಾ ಪುಟ ಲೇಸು.

ಹೀಗೆ ರೂಪಿಸಿದುದನ್ನು ಜನರ ಕೈಗೆ ಕೊಟ್ಟು ನೋಡುವುದು ಕೊನೆಯ ಮತ್ತು ಅನಿವಾರ್ಯ ಹಂತ. ಐದಾರು ಜನರಿಗೆ, ಅದರಲ್ಲಿ ಒಬ್ಬ ಅಜ್ಜಿ, ಒಬ್ಬ ವಾಲ್ವ್‌ಮನ್, ಒಬ್ಬ ಶಾಲಾಬಾಲಕಿ ಇರಲಿ, 'ನಿಮ್ಮ ಓಣಿಯ ನೀರು ಕುಡಿಯಲು ಯೋಗ್ಯವೇ, ಹುಡುಕಿರಿ' ಎಂದು ಹೇಳಿ ವಿನ್ಯಾಸಕಾರನು ಮೌನವಾಗಿ ಪಕ್ಕದಲ್ಲಿ ಕೂಡಬೇಕು. ಅವರು ತಡವರಿಸಿದ ಸ್ಥಳದಲ್ಲೆಲ್ಲ ತಿದ್ದಬೇಕಾದುದು ಪುಟವನ್ನು, ಅವರನ್ನಲ್ಲ.

ವಿದ್ಯಾಸಂಸ್ಥೆಗಳ ಪಾಲು

ಈ ಕಾರ್ಯದಲ್ಲಿ ಶಾಲೆಗಳು ದೂರ ನಿಲ್ಲಬೇಕಾಗಿಲ್ಲ. ಗ್ರಾಮೀಣ ಮನೆಗಳಿಗೆ ನಳದ ನೀರು ಒದಗಿಸಲು ೨೦೧೯ರಲ್ಲಿ ಆರಂಭಗೊಂಡ ಜಲ ಜೀವನ ಮಿಷನ್, ಹಳ್ಳಿಯ ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆಗಳನ್ನು ಕೊಟ್ಟು ತರಬೇತಿ ನೀಡುವ ಕ್ರಮವನ್ನು ಕೈಗೊಂಡಿತು. ಹಳ್ಳಿಯ ಮಹಿಳೆಯರು ಮಾಡಬಲ್ಲುದನ್ನು ಪ್ರೌಢಶಾಲೆಯ ವಿಜ್ಞಾನ ವಿದ್ಯಾರ್ಥಿಗಳೂ ಶಿಕ್ಷಕರ ಮಾರ್ಗದರ್ಶನದಲ್ಲಿ ಮಾಡಬಲ್ಲರು. ಶಾಲೆಯ ನಳದ ಉಳಿಕೆ ಕ್ಲೋರಿನ್, ಆವರಣದ ಬಾವಿಯ ಮಟ್ಟ, ಮಳೆಮಾಪಕದ ಅಳತೆ, ಇವನ್ನು ದಿನವೂ ಬರೆದಿಡುವ ಒಂದು ಪುಸ್ತಕ ಮತ್ತು ಬಾಗಿಲ ಬಳಿ ಒಂದು ಫಲಕ, ಇಷ್ಟರಿಂದ ಆರಂಭವಾಗಬಹುದು. ಐದು ವರ್ಷ ತಪ್ಪದೆ ಬರೆದ ಇಂಥ ಪುಸ್ತಕವು ಆ ಪರಿಸರದ ಅಮೂಲ್ಯ ದಾಖಲೆಯಾಗುತ್ತದೆ. ಯಾವ ಗಣಕಯಂತ್ರವೂ ಅಳೆಯದೆ ಹೋದ ದಿನವನ್ನು ಮರಳಿ ತಂದುಕೊಡಲಾರದು.

ಗಣಕವಿದ್ಯೆ ಕಲಿತ ಹಳೆಯ ವಿದ್ಯಾರ್ಥಿಗಳು ಈ ದಾಖಲೆಗೆ ಜಾಲತಾಣದ ರೂಪ ಕೊಡಬಹುದು. ಧಾರವಾಡದಲ್ಲಿಯೇ ಇರುವ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಕಾಲೇಜುಗಳು ಮುಂತಾದ ವಿದ್ಯಾಕೇಂದ್ರಗಳ ತಜ್ಞರ ಸಲಹೆಯನ್ನು ಕೋರಬಹುದು. ದಾನಿಗಳು ಕಟ್ಟಡಕ್ಕೆ ಕೊಡುವಂತೆ ಪರೀಕ್ಷೆಯ ವರ್ಷಂಪ್ರತಿ ವೆಚ್ಚಕ್ಕೂ ದತ್ತಿಯಿಡಬಹುದು. ಜಾಲತಾಣವನ್ನು ಒಮ್ಮೆ ಕಟ್ಟಿಸುವುದು ಸುಲಭ. ಅದಕ್ಕೆ ದಿನವೂ ಹೊಸ ಅಂಕಿಯನ್ನು ಉಣಿಸುವುದು ಕಷ್ಟ. ಅದು ಕೆರೆಯ ಹೂಳೆತ್ತುವಂಥ ನಿತ್ಯಕಾಯಕ.

ದಾಸೋಹವೆಂದರೆ ಇದ್ದುದನ್ನು ಹಂಚಿ ಉಣ್ಣುವುದು. ಮಠಗಳ ಪ್ರಸಾದನಿಲಯಗಳು ಅನ್ನವನ್ನು ಹಂಚಿದವು, ಪಾಠಶಾಲೆಗಳು ಅಕ್ಷರವನ್ನು ಹಂಚಿದವು. ನೀರಿನ ಅರಿವನ್ನು ಹಂಚುವುದೂ ಅದೇ ಪರಂಪರೆಯ ಮುಂದುವರಿಕೆ. ತಜ್ಞನ ಪೆಟ್ಟಿಗೆಯಲ್ಲಿರುವ ಅಂಕಿಯು ಓಣಿಯ ತಾಯಿಗೆ ಅವಳ ನುಡಿಯಲ್ಲಿ, ಅವಳಿಗೆ ಬೇಕಾದ ಹೊತ್ತಿಗೆ, ಮಾಡಬೇಕಾದ ಕೆಲಸದ ಸಹಿತ ಮುಟ್ಟಿದ ದಿನ ಅಳತೆ ಮಾಡಿದವರ ಶ್ರಮ ಸಾರ್ಥಕವಾಗುತ್ತದೆ.